ಅಮ್ಮನ ಸೊಂಟನೋವಿಗೆ ಮನೇಲೇ ಕರೆಂಟ್ ಮಷಿನ್ ಇಟ್ಕೋಬಹುದಾ? ಟೆನ್ಸ್ ಬಳಸಿದೋರು ದಯವಿಟ್ಟು ಹೇಳ್ರಿ

ಭಟ್ಟಿಮನೆ ಹುಡುಗ, ದಾವಣಗೆರೆ

ಎಲ್ರಿಗೂ ನಮಸ್ಕಾರ. ನಮ್ಮ ಅಮ್ಮಂಗೆ ಈಗ ಐವತ್ತೆಂಟು ವರ್ಷ, ಮದುವೆಯಾಗಿ ಬಂದಾಗಿಂದ ಮಂಡಕ್ಕಿ ಭಟ್ಟೀಲಿ ದುಡಿದೋರು, ಒಲೆ ಶಾಖದ ಮುಂದೆ ಬಗ್ಗಿ ಬಗ್ಗಿ ಹುರಿಯೋದು, ಚೀಲ ಎತ್ತೋದು, ಅದೇ ಬದುಕು. ಎರಡು ಮೂರು ವರ್ಷದಿಂದ ಸೊಂಟ ಹಿಡ್ಕಂಡಿದ್ದು ಬಿಟ್ಟೇ ಇಲ್ಲ, ಎಡಗಡೆ ತೊಡೆ ಹಿಂದಿನಿಂದ ಇಳಿದು ಮೀನಖಂಡದ ತನಕ ಎಳೆಯುತ್ತೆ ಅಂತಾರೆ, ಹತ್ತು ನಿಮಿಷ ನಿಂತ್ರೆ ಕೂರಬೇಕು, ಅರ್ಧ ಗಂಟೆ ಕೂತ್ರೆ ಏಳೋಕಾಗಲ್ಲ. ಸ್ಕ್ಯಾನಿಂಗ್ ಮಾಡಿಸಿದ್ವಿ, ಎಲ್4 ಎಲ್5 ಹತ್ರ ಡಿಸ್ಕ್ ಸವೆದು ಸ್ವಲ್ಪ ಹೊರಗೆ ಬಂದೈತೆ, ಆಪರೇಷನ್ ಏನೂ ಬೇಡ ಅಂತ ಡಾಕ್ಟ್ರು ಹೇಳಿದ್ರು.

ಜೊತೆಗೆ ಶುಗರ್ ಮತ್ತು ಬಿಪಿ ಎರಡೂ ಐತೆ. ಇಷ್ಟು ದಿನ ನೋವಿನ ಮಾತ್ರೆ ಮೇಲೆ ಓಡ್ತಿತ್ತು, ಮೆಡಿಕಲ್ ಶಾಪಿಂದ ತಾವೇ ತಂದು ನುಂಗ್ತಿದ್ರು, ಹೋದ ಸಲ ರಕ್ತ ಪರೀಕ್ಷೇಲಿ ಕ್ರಿಯಾಟಿನಿನ್ ಜಾಸ್ತಿ ಬಂತು, ಇನ್ಮೇಲೆ ಆ ಮಾತ್ರೆ ಮುಟ್ಟಂಗಿಲ್ಲ ಕಿಡ್ನಿ ಹೋಗುತ್ತೆ ಅಂತ ಖಡಕ್ಕಾಗಿ ಹೇಳಿ ಕಳಿಸಿದ್ರು. ಆಮೇಲೆ ಫಿಸಿಯೋಥೆರಪಿಗೆ ಕರ್ಕಂಡ್ ಹೋದೆ, ಅಲ್ಲಿ ಸೊಂಟಕ್ಕೆ ಪ್ಯಾಡ್ ಅಂಟಿಸಿ ಕರೆಂಟ್ ಕೊಟ್ರು, ಮೊದಲ ದಿನವೇ ಅಮ್ಮ ಆಟೋ ಹತ್ತುವಾಗ ನನ್ನ ಕೈ ಹಿಡೀಲಿಲ್ಲ. ಆದ್ರೆ ಸಂಜೆ ಹೊತ್ತಿಗೆ ವಾಪಸ್ ಅದೇ ನೋವು. ದಿನಾ ಕರ್ಕಂಡ್ ಹೋಗೋಕೆ ನಂಗೆ ರಜಾ ಸಿಗಲ್ಲ, ಆಟೋ ಖರ್ಚು ಬೇರೆ.

ಈಗ ಒಂದು ಸರ್ಜಿಕಲ್ ಅಂಗಡೀಲಿ ಟೆನ್ಸ್ ಅಂತ ಚಿಕ್ಕ ಮಷಿನ್ ತೋರಿಸಿದ್ರು, ಮೊಬೈಲಿನಷ್ಟೇ ಐತೆ, ಎರಡು ಮೂರು ಸಾವಿರ ಹೇಳ್ತಾರೆ, ಮನೇಲೇ ಹಾಕ್ಕಳಿ ಅಂತಾರೆ. ನಮ್ಮ ಅತ್ತೆ ಮಾತ್ರ ಬೇಡವೇ ಬೇಡ, ದಿನಾ ಕರೆಂಟ್ ಕೊಟ್ರೆ ನರ ಸುಟ್ಟು ಕಾಲು ಬಿದ್ದೋಗುತ್ತೆ ಅಂತ ಅಮ್ಮನ್ನ ಹೆದರಿಸಿ ಇಟ್ಟಿದ್ದಾರೆ. ಇದು ನಿಜಾನಾ? ಶುಗರ್ ಇರೋರು ಹಾಕಬಹುದಾ, ಅಮ್ಮಂಗೆ ಪಾದ ಉರಿ ಕೂಡ ಐತೆ, ಅದಕ್ಕೂ ಇದೇ ಆಗುತ್ತಾ?

ಇನ್ನೊಂದು ವಿಷ್ಯ. ಹೊಸದುರ್ಗದಲ್ಲಿರೋ ನಮ್ಮ ಚಿಕ್ಕಪ್ಪಂಗೆ ಬೆನ್ನಿನ ಆಪರೇಷನ್ ಎರಡು ಸಲ ಆಗಿ ಆದ್ರೂ ಕಾಲುನೋವು ಹೋಗಿಲ್ಲ, ಬೆಂಗಳೂರಲ್ಲಿ ಬೆನ್ನೊಳಗೇ ಮಷಿನ್ ಇಡ್ತೀವಿ ಅಂದ್ರಂತೆ. ಅದೂ ಇದೂ ಒಂದೇನಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳ್ರಿ.

ಫಿಸಿಯೋ ಅಕ್ಕ, ದಾವಣಗೆರೆ

ತಮ್ಮಾ, ಮೊದಲು ಅತ್ತೆಯವರ ಭಯದ ವಿಷ್ಯ ಮುಗಿಸಿಬಿಡೋಣ, ಯಾಕಂದ್ರೆ ನಮ್ಮ ಕ್ಲಿನಿಕ್ಕಿಗೆ ಬರೋರಲ್ಲೂ ಅರ್ಧ ಜನ ಇದೇ ಕೇಳ್ತಾರೆ, ಹಳ್ಳಿ ಕಡೆಯಿಂದ ಬಂದ ಅಜ್ಜಿಯಂದಿರು ಪ್ಯಾಡ್ ನೋಡಿದ್ರೇ ಕೈ ಹಿಂದಕ್ಕೆ ಎಳ್ಕೊಳ್ತಾರೆ. ಟೆನ್ಸ್ ಮಷಿನ್ನಿಂದ ಬರೋದು ಮಿಲಿಆಂಪ್ ಲೆಕ್ಕದ ಕರೆಂಟು, ಅದೂ ಬಿಟ್ಟು ಬಿಟ್ಟು ಬರೋ ತುಣುಕು, ಒಂದೊಂದು ತುಣುಕು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದೆರಡು ಭಾಗದಷ್ಟೇ ಹೊತ್ತು ಇರುತ್ತೆ. ಸರಿಯಾಗಿ ಹಾಕಿದ್ರೆ ನರ ಸುಡಲ್ಲ, ಕಾಲು ಬೀಳಲ್ಲ. ಚರ್ಮ ಕೆಂಪಾಗೋದು, ಪ್ಯಾಡಿನ ಅಂಟಿಗೆ ತುರಿಕೆ ಬರೋದು, ಇವೇ ಸಾಮಾನ್ಯವಾಗಿ ಆಗೋ ತೊಂದರೆ.

ಹೆಂಗೆ ಕೆಲಸ ಮಾಡುತ್ತೆ ಅಂದ್ರೆ, ಮೊಣಕೈ ಬಾಗಿಲಿಗೆ ತಗುಲಿದ ತಕ್ಷಣ ನಾವು ಅಲ್ಲೇ ಗಸಗಸ ತಿಕ್ಕಿಕೊಳ್ತೀವಲ್ಲ, ನೋವು ಸ್ವಲ್ಪ ಇಳಿಯುತ್ತೆ, ಅದೇ ದಾರಿ. ಮುಟ್ಟಿದ್ದು ತಿಕ್ಕಿದ್ದು ತಿಳಿಸೋ ನರಗಳು ದಪ್ಪ, ಬೇಗ ಸುದ್ದಿ ಒಯ್ತವೆ, ನೋವು ಒಯ್ಯೋ ನರಗಳು ಸಣ್ಣವು, ನಿಧಾನ. ಎರಡೂ ಬೆನ್ನುಹುರಿಯೊಳಗೆ ಸೇರೋ ಜಾಗದಲ್ಲಿ ದಪ್ಪ ನರದ ಸುದ್ದಿ ಜೋರಾಗಿದ್ರೆ ನೋವಿನ ಸುದ್ದಿ ಮೇಲೆ ಹೋಗೋದು ತಗ್ಗುತ್ತೆ. ಇದನ್ನ 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಅನ್ನೋ ಇಬ್ಬರು ವಿಜ್ಞಾನಿಗಳು ಗೇಟ್ ಕಂಟ್ರೋಲ್ ಸಿದ್ಧಾಂತ ಅಂತ ಬರೆದ್ರು, ಮುಂದೆ ಅದರಲ್ಲಿ ಎಷ್ಟೋ ತಿದ್ದುಪಡಿ ಆದ್ರೂ ಮೂಲ ವಿಚಾರ ಇವತ್ತಿಗೂ ನಿಂತಿದೆ. ಇದರ ಜೊತೆಗೆ ಕರೆಂಟಿನಿಂದ ನಮ್ಮ ಮೈಯೇ ತಯಾರು ಮಾಡೋ ನೋವುಶಮನದ ರಾಸಾಯನಿಕಗಳು, ಎಂಡಾರ್ಫಿನ್ ಥರದವು, ಬಿಡುಗಡೆ ಆಗ್ತವೆ.

ಕ್ಲಿನಿಕ್ಕಲ್ಲಿ ಕೊಟ್ಟಿದ್ದು ಬಹುಶಃ ಐಎಫ್‌ಟಿ ಇರಬೇಕು, ನಮ್ಮ ಕಡೆ ಫಿಸಿಯೋ ಸೆಂಟರುಗಳಲ್ಲಿ ಸೊಂಟಕ್ಕೆ ಅದೇ ಜಾಸ್ತಿ ಹಾಕೋದು. ಅದರಲ್ಲಿ 4000 ಹರ್ಟ್ಸ್, ಅಂದ್ರೆ ಸೆಕೆಂಡಿಗೆ 4000 ಸಲ, ಆಸುಪಾಸಿನ ಎರಡು ಕರೆಂಟು ಒಂದನ್ನೊಂದು ಅಡ್ಡ ಹಾಯೋ ಹಾಗೆ ನಾಲ್ಕು ಪ್ಯಾಡ್ ಇಡ್ತೀವಿ, ಚರ್ಮಕ್ಕೆ ಚುಚ್ಚೋದು ಕಡಿಮೆ. ಟೆನ್ಸ್ ಸರಳ, ಬ್ಯಾಟರಿ ಮೇಲೆ ನಡೆಯುತ್ತೆ, ಮನೇಲಿ ಹಾಕೋಕೆ ಅಂತಲೇ ಇರೋದು.

ಈಗ ಮುಖ್ಯವಾದ ಮಾತಿಗೆ ಬರ್ತೀನಿ. ಟೆನ್ಸ್ ಡಿಸ್ಕನ್ನ ಒಳಗೆ ತಳ್ಳಲ್ಲ, ಸವೆತ ನಿಲ್ಲಿಸಲ್ಲ. ಹಾಕಿದಷ್ಟು ಹೊತ್ತು, ತೆಗೆದ ಮೇಲೆ ಸ್ವಲ್ಪ ಹೊತ್ತು ನೋವಿನ ಜೋರು ತಗ್ಗಿಸುತ್ತೆ, ಅಷ್ಟೇ ಅದರ ಕೆಲಸ. ಇದರ ಬಗ್ಗೆ ವೈದ್ಯಲೋಕದಲ್ಲೇ ಒಮ್ಮತ ಇಲ್ಲ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಡಾಕ್ಟ್ರಿಗೆ ಹೇಳೋ ಇಂಗ್ಲೆಂಡಿನ ನೈಸ್ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಸೊಂಟನೋವಿಗೆ ಟೆನ್ಸ್ ಕೊಡಬೇಡಿ ಅಂತಲೇ ಹೇಳಿತು. 2022ರಲ್ಲಿ 381 ಅಧ್ಯಯನಗಳನ್ನ ಒಟ್ಟುಗೂಡಿಸಿ ನೋಡಿದ ದೊಡ್ಡ ವಿಶ್ಲೇಷಣೆ ಬಂತು, ಅದರಲ್ಲಿ ಹಾಕಿಕೊಂಡಾಗ ಮತ್ತು ತೆಗೆದ ಕೂಡಲೇ ನೋವು ಕರೆಂಟೇ ಬರದ ಸುಳ್ಳು ಮಷಿನ್ ಹಾಕಿಸಿಕೊಂಡೋರಿಗಿಂತ ಕಡಿಮೆ ಇತ್ತು, ದೊಡ್ಡ ಅಪಾಯ ಕಾಣಲಿಲ್ಲ. ನನಗೆ ಇವೆರಡೂ ಒಂದಕ್ಕೊಂದು ತೀರಾ ವಿರುದ್ಧ ಅನ್ಸಲ್ಲ. ಮಷಿನ್ ಹಾಕ್ಕೊಂಡು ಮಂಚದ ಮೇಲೆ ಮಲಗಿದ್ರೆ ಮೂರು ತಿಂಗಳಾದ್ಮೇಲೆ ಏನೂ ಬದಲಾಗಿರಲ್ಲ. ಅದೇ ನೋವು ತಗ್ಗಿದ ಆ ಮುಕ್ಕಾಲು ಗಂಟೇಲಿ ಎದ್ದು ಓಡಾಡಿ, ಹೇಳಿಕೊಟ್ಟ ವ್ಯಾಯಾಮ ಮಾಡಿದ್ರೆ ಮಾಂಸಖಂಡಕ್ಕೆ ಬಲ ಬರುತ್ತೆ, ಬಗ್ಗಿದ್ರೆ ಏನಾಗಿಬಿಡುತ್ತೋ ಅನ್ನೋ ಹೆದರಿಕೆ ಇಳಿಯುತ್ತೆ, ಉಳಿಯೋ ಲಾಭ ಅದು. ಅಮ್ಮ ಆಟೋ ಹತ್ತುವಾಗ ಕೈ ಹಿಡೀಲಿಲ್ಲ ಅಂದ್ಯಲ್ಲ, ಅಲ್ಲೇ ಮನೆ ಮುಂದಿನ ರಸ್ತೇಲಿ ಒಂದು ಸುತ್ತು ನಡೆಸಬೇಕಿತ್ತು, ಯಾರೂ ಹೇಳಿರಲ್ಲ ಅನ್ಸುತ್ತೆ.

ಹಾಕೋ ರೀತಿ ಹೇಳ್ತೀನಿ. ಶುರುವಿಗೆ 80ರಿಂದ 100 ಹರ್ಟ್ಸ್ ಇಡಿ, ನೋವಿರೋ ಜಾಗದ ಎರಡೂ ಪಕ್ಕ ಪ್ಯಾಡ್, ಬೆನ್ನುಮೂಳೆ ಮೇಲೇ ಬೇಡ. ಪವರ್ ಸೊನ್ನೆಯಿಂದ ನಿಧಾನಕ್ಕೆ ಏರಿಸ್ತಾ ಹೋಗಬೇಕು, ಜುಮುಜುಮು ಚೆನ್ನಾಗಿ ಜೋರಾಗಿ ಗೊತ್ತಾಗಬೇಕು, ನೋವಾಗಬಾರದು. ಬಹಳ ಜನ ಹೆದರಿ ಲೈಟಾಗಿ ಇಟ್ಕೊಳ್ತಾರೆ, ಆಮೇಲೆ ಕೆಲಸ ಮಾಡಲ್ಲ ಅಂತಾರೆ, ಪವರ್ ಸಾಲದೆ ಇದ್ರೆ ಉಪಯೋಗ ಇಲ್ಲ. ಇನ್ನೊಂದು ವಿಧಾನ ಇದೆ, ಸೆಕೆಂಡಿಗೆ 2ರಿಂದ 4 ಸಲ ಟಪ್ ಟಪ್ ಅಂತ ಮಾಂಸಖಂಡ ಅದುರೋ ಹಾಗೆ ಕೊಡೋದು, ಅದರ ಪರಿಣಾಮ ಸ್ವಲ್ಪ ತಡವಾಗಿ ಬಂದು ಸ್ವಲ್ಪ ಜಾಸ್ತಿ ಹೊತ್ತು ಇರಬಹುದು. ಆದ್ರೆ ಟ್ರಮಡಾಲ್ ಥರದ ಅಫೀಮು ಜಾತಿಯ ನೋವಿನ ಮಾತ್ರೆ ತುಂಬ ದಿನದಿಂದ ತಗೊಳ್ತಿರೋರಿಗೆ ಈ ಎರಡನೇ ವಿಧಾನ ಅಷ್ಟಾಗಿ ಹತ್ತಲ್ಲ, ಎರಡೂ ಮೈಯಲ್ಲಿ ಒಂದೇ ಬಾಗಿಲಿಂದ ಒಳಗೆ ಹೋಗೋದ್ರಿಂದ.

ಯಾರು ಹಾಕಬಾರದು ಅಂದ್ರೆ, ಎದೇಲಿ ಪೇಸ್‌ಮೇಕರ್ ಇರೋರು ಹಾರ್ಟಿನ ಡಾಕ್ಟ್ರು ಒಪ್ಪಿಗೆ ಇಲ್ಲದೆ ಮುಟ್ಟಲೇಬಾರದು. ಕುತ್ತಿಗೆ ಮುಂಭಾಗ, ಕಣ್ಣಿನ ಮೇಲೆ, ಎದೆಗೆ ಅಡ್ಡವಾಗಿ, ಗಾಯದ ಮೇಲೆ, ರಕ್ತ ಹೆಪ್ಪುಗಟ್ಟಿರೋ ಕಾಲಿಗೆ, ಗರ್ಭಿಣಿಯರ ಹೊಟ್ಟೆ ಸೊಂಟಕ್ಕೆ ಇಡಬಾರದು. ಮೂರ್ಛೆ ರೋಗ ಇದ್ರೆ, ಕ್ಯಾನ್ಸರ್ ಇದ್ರೆ ಡಾಕ್ಟ್ರನ್ನ ಕೇಳಬೇಕು. ಹಾಕ್ಕೊಂಡು ಮಲಗಿ ನಿದ್ದೆ ಮಾಡೋದು, ಗಾಡಿ ಓಡಿಸೋದು, ಸ್ನಾನ ಮಾಡೋದು ಯಾವುದೂ ಬೇಡ.

ಪಾದದ ಉರಿ ವಿಷ್ಯ ಬೇರೆ. 2010ರಲ್ಲಿ ಅಮೆರಿಕದ ನರರೋಗ ತಜ್ಞರ ಅಕಾಡೆಮಿ ಹಳೇ ಅಧ್ಯಯನಗಳನ್ನೆಲ್ಲ ತೂಗಿ ನೋಡಿ, ಸೊಂಟನೋವಿಗೆ ಟೆನ್ಸ್ ಪ್ರಯೋಜನ ಇಲ್ಲ ಅಂದಿತ್ತು, ಶುಗರ್‌ನಿಂದ ಬರೋ ನರದ ಉರಿಗೆ ಪ್ರಯತ್ನಿಸಬಹುದು ಅಂದಿತ್ತು. ಆದ್ರೆ ಶುಗರ್ ಇರೋರ ಪಾದದಲ್ಲಿ ಉರಿ ಇದ್ದೂ ಸ್ಪರ್ಶ ಸತ್ತಿರುತ್ತೆ, ಕರೆಂಟ್ ಎಷ್ಟು ಜೋರಾಗಿದೆ ಅಂತಲೇ ಗೊತ್ತಾಗಲ್ಲ. ಅದಕ್ಕೇ ಪಾದಕ್ಕೆ ಪ್ಯಾಡ್ ಇಡೋಕೆ ಮುಂಚೆ ಸ್ಪರ್ಶ ಪರೀಕ್ಷೆ ಆಗಲೇಬೇಕು, 10 ಗ್ರಾಂ ಮಾನೋಫಿಲಮೆಂಟ್ ಅಂತ ನೈಲಾನ್ ಎಳೆ ಒತ್ತಿ ನೋಡೋದು, ಐದು ನಿಮಿಷದ ಕೆಲಸ. ಸೊಂಟಕ್ಕೆ ಹಾಕೋದಾದ್ರೂ ಅಲ್ಲಿ ತಣ್ಣಗೆ ಬಿಸಿ, ಚೂಪು ಮೊಂಡು ಗೊತ್ತಾಗುತ್ತಾ ನೋಡ್ಕೊಳ್ಳಿ.

ಮಗ್ಗದ ಮನೆ, ಮೊಳಕಾಲ್ಮೂರು

ನಾನು ರೇಷ್ಮೆ ಸೀರೆ ನೇಯೋನು, ಗುಂಡಿ ಮಗ್ಗ ನಮ್ಮದು, ಕಾಲು ಗುಂಡಿಯೊಳಗೆ ಇಳಿಬಿಟ್ಕಂಡು ಬೆಳಗಿಂದ ಸಂಜೆ ತನಕ ಮುಂದಕ್ಕೆ ಬಾಗಿ ಕೂರೋದು, ಕಾಲಲ್ಲಿ ತುಳಿಯೋದು ಕೈಯಲ್ಲಿ ಬಡಿಯೋದು, ನಮ್ಮ ಬೀದೀಲಿ ಸೊಂಟನೋವು ಇಲ್ಲದ ಮನೆ ಹುಡುಕಬೇಕು. ನಂಗೂ ವರ್ಷಗಟ್ಟಲೆ ಐತೆ. ಟೆನ್ಸ್ ತಗಂಡು ಬಹಳ ದಿನ ಆಯ್ತು, ಬಳಸ್ತಾನೇ ಇದೀನಿ, ಅದಕ್ಕೇ ಹೇಳ್ತೀನಿ ಕೇಳಪ್ಪ.

ಮೊದಮೊದಲು ಒಳ್ಳೆ ಆರಾಮ ಅನ್ನಿಸ್ತು, ಆಮೇಲಾಮೇಲೆ ಅದೇ ನಂಬರಿಗೆ ಏನೂ ಅನ್ನಿಸ್ತಿರಲಿಲ್ಲ, ಮಷಿನ್ ಕೆಟ್ಟೋಯ್ತು ಅನ್ಕಂಡು ಚಿತ್ರದುರ್ಗದಲ್ಲಿ ತೋರಿಸಿದೆ. ಅವರು ಹೇಳಿದ್ದು, ದಿನಾ ಒಂದೇ ಸೆಟ್ಟಿಂಗ್ ಇಟ್ರೆ ಮೈ ಒಗ್ಗಿಕೊಂಡುಬಿಡುತ್ತೆ, ಒಂದಿನ ಜೋರು ಫ್ರೀಕ್ವೆನ್ಸಿ ಒಂದಿನ ಕಮ್ಮಿ ಫ್ರೀಕ್ವೆನ್ಸಿ ಬದಲಾಯಿಸ್ತಾ ಇರು, ಇಲ್ಲಾಂದ್ರೆ ಮಷಿನ್ನಲ್ಲೇ ತಾನಾಗಿ ಬದಲಾಗೋ ಮೋಡ್ ಇದ್ರೆ ಅದನ್ನ ಹಾಕು, ನಡುನಡುವೆ ರಜಾ ಕೊಡು ಅಂತ. ಹಂಗೆ ಮಾಡಿದ ಮೇಲೆ ಮತ್ತೆ ಉಪಯೋಗ ಕಾಣ್ತು.

ಫಿಸಿಯೋ ಮೇಡಂ ಹೇಳಿದ್ದು ನೂರಕ್ಕೆ ನೂರು ಸತ್ಯ ಅಂತ ನನ್ನ ಅನುಭವದಲ್ಲಿ ಹೇಳ್ತೀನಿ, ನಾನು ಹಾಕೋದು ಮಗ್ಗಕ್ಕೆ ಕೂರೋಕೆ ಅಲ್ಲ, ಮಗ್ಗದಿಂದ ಎದ್ದ ಮೇಲೆ ಹಾಕ್ಕಂಡು ಮಸೀದಿ ತಿರುವಿನ ತನಕ ನಡೆದು ಬರೋಕೆ. ಕರೆಂಟ್ ಹಾಕ್ಕಂಡು ನೋವು ಗೊತ್ತಾಗ್ದಂಗೆ ಮಾಡ್ಕಂಡು ಇನ್ನೆರಡು ಗಂಟೆ ಜಾಸ್ತಿ ನೇಯೋರು ನಮ್ಮಲ್ಲಿ ಇದಾರೆ, ಸೀರೆ ಬೇಗ ಇಳಿಸಬೇಕು ದುಡ್ಡು ಬೇಕು ಅಂತ, ಅವರ ಕಷ್ಟ ನಂಗೆ ಅರ್ಥ ಆಗುತ್ತೆ, ಆದ್ರೆ ರಾತ್ರಿ ಅವರು ಪಡೋ ಸಂಕಟ ನೋಡೋಕಾಗಲ್ಲ. ನಿಮ್ಮ ಅಮ್ಮನೂ ದುಡಿಯೋ ಜೀವ, ನೋವು ಇಳೀತು ಅಂದ ತಕ್ಷಣ ಭಟ್ಟಿಗೆ ಹೋಗಿ ಚೀಲ ಎತ್ತೋಕೆ ನಿಲ್ತಾರೆ, ಅದನ್ನ ಮಾತ್ರ ಬಿಡಬೇಡ ತಮ್ಮಾ. ಕೆಲಸ ಬಿಡಿಸು ಅಂತಲ್ಲ, ಮನೇಲಿ ಕೂರಿಸಿದ್ರೆ ಇನ್ನೂ ಕುಗ್ತಾರೆ, ಎತ್ತೋ ಕೆಲಸ ಬಿಟ್ಟು ನಿಂತು ಕೂತು ಮಾಡೋ ಕೆಲಸಕ್ಕೆ ಬದಲಾಯಿಸು.

ವಾರ್ಡ್ ಸಿಸ್ಟರ್, ಚಿತ್ರದುರ್ಗ

ಎಲ್ಲರೂ ಮಷಿನ್ ಬಗ್ಗೆ ಮಾತಾಡ್ತಿದ್ದೀರ, ನಾನು ಒಂದೇ ವಿಷಯಕ್ಕೆ ಬರೆಯೋಕೆ ಬಂದೆ. ಸೊಂಟನೋವು ಇರೋರಿಗೆ ಒಂದಕ್ಕೆ ಹೋಗೋದು ಕಟ್ಟಿಕೊಂಡ್ರೆ ಅಥವಾ ಗೊತ್ತಾಗದೆ ಆಗಿಬಿಟ್ರೆ, ಕೂರೋ ಜಾಗ, ತೊಡೆ ಸಂದಿ ಮರಗಟ್ಟಿದ್ರೆ, ಪಾದ ಎತ್ತೋಕಾಗದೆ ಚಪ್ಪಲಿ ಜಾರಿ ಜಾರಿ ಹೋಗ್ತಿದ್ರೆ, ಅವತ್ತು ಟೆನ್ಸೂ ಬೇಡ ಎಣ್ಣೆ ಹಚ್ಚೋದೂ ಬೇಡ, ಅದೇ ದಿನ ದೊಡ್ಡಾಸ್ಪತ್ರೆಗೆ ಕರ್ಕೊಂಡು ಬನ್ನಿ. ನರದ ಗೊಂಚಲು ಒತ್ತಿಹೋಗಿರುತ್ತೆ, ತಡ ಆದ್ರೆ ಆಪರೇಷನ್ ಮಾಡಿದ್ರೂ ಹೋದ ಶಕ್ತಿ ಪೂರ್ತಿ ವಾಪಸ್ ಬರದೇ ಇರಬಹುದು. ಜ್ವರದ ಜೊತೆ ಬೆನ್ನುನೋವು, ಕಾರಣ ಇಲ್ಲದೆ ತೂಕ ಇಳಿಯೋದು, ರಾತ್ರಿ ಮಲಗಿದ್ರೂ ಬಿಡದ ನೋವು, ಇವಕ್ಕೂ ಮೊದಲು ಡಾಕ್ಟ್ರು. ನಾಳೆ ನೋಡೋಣ ನಾಡಿದ್ದು ನೋಡೋಣ ಅಂತ ಮನೇಲಿ ಇಟ್ಟುಕೊಂಡು ಬಂದೋರನ್ನ ನೋಡಿದಾಗ ಹೊಟ್ಟೆ ಉರಿಯುತ್ತೆ.

ಮತ್ತೆ ಕ್ರಿಯಾಟಿನಿನ್ ಏರಿದೆ ಅಂದ್ರಲ್ಲ, ಡೈಕ್ಲೋಫಿನ್ಯಾಕ್, ಐಬುಪ್ರೊಫೇನ್, ಅಸಿಕ್ಲೋಫಿನ್ಯಾಕ್ ಹೆಸರಿರೋ ಯಾವ ಮಾತ್ರೆನೂ ಮನೇಲಿ ಇರದಂಗೆ ನೋಡ್ಕೊಳ್ಳಿ, ಶೀತದ ಮಾತ್ರೇಲೂ ಒಮ್ಮೊಮ್ಮೆ ಸೇರಿರುತ್ತೆ, ಪಟ್ಟಿ ಹಿಂದೆ ಓದಿ.

ಬಯಲುಸೀಮೆ ಮನುಷ್ಯ, ಹಿರಿಯೂರು

ನಿಮ್ಮ ಚಿಕ್ಕಪ್ಪನ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ, ನಮ್ಮಣ್ಣಂಗೆ ಅದನ್ನ ಬೆಂಗಳೂರಲ್ಲಿ ಹಾಕಿಸಿದ್ದೀವಿ. ಹೆಸರು ಸ್ಪೈನಲ್ ಕಾರ್ಡ್ ಸ್ಟಿಮ್ಯುಲೇಟರ್. ಟೆನ್ಸ್ ಚರ್ಮದ ಮೇಲಿಂದ ನರ ಚುರುಕು ಮಾಡುತ್ತೆ, ಇದು ಬೆನ್ನುಹುರಿ ಪಕ್ಕದಲ್ಲೇ ಕೂತು ಮಾಡುತ್ತೆ. ಮೂಲ ಒಂದೇ ವಿಚಾರ. ಗೇಟ್ ಸಿದ್ಧಾಂತ ಬಂದ ಎರಡೇ ವರ್ಷಕ್ಕೆ, 1967ರಲ್ಲಿ, ಅಮೆರಿಕದಲ್ಲಿ ನಾರ್ಮನ್ ಶೀಲಿ ಅನ್ನೋ ನರಶಸ್ತ್ರಚಿಕಿತ್ಸಕರು ಒಬ್ಬ ಕ್ಯಾನ್ಸರ್ ರೋಗಿಗೆ ಮೊದಲ ಸಲ ಇಂಥದ್ದನ್ನ ಹಾಕಿದ್ರಂತೆ, ಆಮೇಲೆ ಯಾರಿಗೆ ಇದು ಹತ್ತಬಹುದು ಅಂತ ಮುಂಚೆ ಪರೀಕ್ಷೆ ಮಾಡೋಕೆ ಚರ್ಮದ ಮೇಲೆ ಕರೆಂಟ್ ಕೊಟ್ಟು ನೋಡ್ತಿದ್ದಾಗ ಅದರಲ್ಲೇ ಕೆಲವರಿಗೆ ಆರಾಮ ಸಿಕ್ತು, ಈಗಿನ ಟೆನ್ಸ್ ಬೆಳೆದಿದ್ದು ಆ ದಾರೀಲಿ. ಡಾಕ್ಟ್ರು ಕೂರಿಸ್ಕೊಂಡು ಇಷ್ಟೂ ವಿವರಿಸಿದ್ರು, ಅವತ್ತು ನಮಗೆ ಅರ್ಧ ಧೈರ್ಯ ಬಂತು.

ಇದನ್ನ ಎಲ್ಲ ಸೊಂಟನೋವಿಗೂ ಹಾಕಲ್ಲ. ಬೆನ್ನಿನ ಆಪರೇಷನ್ ಆದ್ಮೇಲೂ ಕಾಲಿಗೆ ಇಳಿಯೋ ನರದ ನೋವು ಉಳಿದಿದ್ರೆ, ಅಥವಾ ಪೆಟ್ಟಾದ ಕೈಕಾಲು ಉರಿದು ಊದಿ ಬಣ್ಣ ಬದಲಾಗೋ ಸಿಆರ್‌ಪಿಎಸ್ ಅನ್ನೋ ಕಾಯಿಲೆ ಇದ್ರೆ ನೋಡ್ತಾರೆ. ಇಂಗ್ಲೆಂಡಿನ ನೈಸ್ 2008ರಲ್ಲಿ ಒಪ್ಪಿದ್ದು ಕೂಡ ನರದ ನೋವಿಗೆ ಮಾತ್ರ, ಬೇರೆ ಚಿಕಿತ್ಸೆ ಮಾಡಿಯೂ ಆರು ತಿಂಗಳಿಂದ ಜೋರು ನೋವಿದ್ದು, ಟ್ರಯಲ್‌ನಲ್ಲಿ ಉಪಯೋಗ ಕಂಡೋರಿಗೆ. ಶುಗರ್‌ನಿಂದ ಬರೋ ನರದ ನೋವಿಗೆ ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ತು.

ಟ್ರಯಲ್ ಅನ್ನೋದು ಬಹಳ ಮುಖ್ಯ, ನಿಮ್ಮ ಚಿಕ್ಕಪ್ಪಂಗೆ ಇದನ್ನ ಮನಸ್ಸಲ್ಲಿ ಇಟ್ಕೊಳ್ಳೋಕೆ ಹೇಳಿ. ಮೊದಲು ಎಕ್ಸ್‌ರೇ ನೋಡ್ಕಂಡು ಸೂಜಿ ಮೂಲಕ ತೆಳ್ಳನೆ ವೈರು ಬೆನ್ನೊಳಗೆ ಬಿಡ್ತಾರೆ, ಮಷಿನ್ ಮಾತ್ರ ಹೊರಗೆ ಸೊಂಟಪಟ್ಟೀಲಿ ಇರುತ್ತೆ, ಹಂಗೇ ಸುಮಾರು ಒಂದು ವಾರ ಮನೇಲಿ ನಡೆದಾಡ್ಕಂಡು ನೋಡಬೇಕು. ನೋವು ಅರ್ಧಕ್ಕರ್ಧ ಇಳಿದ್ರೆ, ನಿದ್ದೆ ನಡಿಗೆ ಸುಧಾರಿಸಿದ್ರೆ ಮಾತ್ರ ಮುಂದಿನದು. ಇಲ್ಲಾಂದ್ರೆ ವೈರ್ ಎಳೆದು ತೆಗೀತಾರೆ, ಅಷ್ಟೇ. ನಮ್ಮಣ್ಣ ಟ್ರಯಲ್ ಹೊತ್ತಲ್ಲಿ ದಿನಾ ಬರೆದಿಡ್ತಿದ್ದ, ಎಷ್ಟು ದೂರ ನಡೆದೆ, ರಾತ್ರಿ ಎಷ್ಟು ಸಲ ಎದ್ದೆ, ಯಾವ ಮಾತ್ರೆ ಬಿಟ್ಟೆ ಅಂತ, ಬರೀ ಆರಾಮ ಐತೆ ಅಂದ್ರೆ ಸಾಲದು. ಆಮೇಲೆ ಬ್ಯಾಟರಿ ಡಬ್ಬಿ ಸೊಂಟದ ಕೆಳಗೆ ಚರ್ಮದೊಳಗೆ ಇಟ್ರು, ಚಾರ್ಜ್ ಮಾಡೋ ಥರದ್ದು, ಬೆಲ್ಟ್ ಕಟ್ಕಂಡು ಮೇಲಿಂದಲೇ ಚಾರ್ಜ್ ಮಾಡ್ತಾನೆ.

ಅವನ ನೋವು ಪೂರ್ತಿ ಹೋಗಿಲ್ಲ. ಆದ್ರೆ ಮುಂಚೆ ಹಬ್ಬದ ದಿನವೂ ಮೂಲೇಲಿ ಮಲಗಿರ್ತಿದ್ದೋನು ಈಗ ತೋಟಕ್ಕೆ ಹೋಗಿ ದಾಳಿಂಬೆ ಗಿಡ ನೋಡ್ಕಂಡು ಬರ್ತಾನೆ. ನಮಗೆ ಅಷ್ಟು ಸಾಕು. ಖರ್ಚು ಮಾತ್ರ ಹಲವು ಲಕ್ಷ, ಜಮೀನಿನ ಮೇಲೆ ಸಾಲ ತೆಗೆದ್ವಿ, ಇನ್ಶೂರೆನ್ಸ್ ಇದ್ರೆ ಟ್ರಯಲ್‌ಗೂ ಮಷಿನ್ನಿಗೂ ಸೇರುತ್ತಾ ಅಂತ ಮೊದಲೇ ಬರಹದಲ್ಲಿ ಕೇಳಿ. ವೈರು ಜಾಗ ಬಿಟ್ಟು ಸರಿಯಬಹುದು, ಸೋಂಕು ಆಗಬಹುದು, ಇವೆರಡನ್ನೂ ಡಾಕ್ಟ್ರು ಮುಚ್ಚಿಡದೆ ಹೇಳಿದ್ರು. ಶುಗರ್ ಹತೋಟೀಲಿ ಇಲ್ಲದೆ ಹಾಕಲ್ಲ, ಮುಂದೆ ಎಂಆರ್‌ಐ ಮಾಡಿಸೋಕೆ ಆಗುತ್ತಾ ಅಂತಲೂ ಕೇಳ್ಕೊಳ್ಳಿ, ಎಲ್ಲ ಮಾಡೆಲ್‌ಗೂ ಆಗಲ್ಲ.

ಇನ್ನೊಂದು ಪಕ್ಷನೂ ಹೇಳಬೇಕು. 2023ರಲ್ಲಿ ವೈದ್ಯಕೀಯ ಅಧ್ಯಯನಗಳನ್ನ ಒಟ್ಟಿಗೆ ತೂಗಿ ನೋಡೋ ಕಾಕ್ರೇನ್ ಸಂಸ್ಥೆಯೋರು ಸೊಂಟನೋವಿಗೆ ಇದನ್ನ ಹಾಕಿದ 13 ಅಧ್ಯಯನ ಪರಿಶೀಲಿಸಿ, ಆರು ತಿಂಗಳ ಲೆಕ್ಕದಲ್ಲಿ ಸುಳ್ಳು ಚಿಕಿತ್ಸೆಗಿಂತ ಹೆಚ್ಚಿನ ಲಾಭ ಇದ್ದಂಗಿಲ್ಲ ಅಂದಿದ್ದಾರೆ. ಇದಕ್ಕೆ ವಿರೋಧ ಹೇಳೋ ನೋವುತಜ್ಞರೂ ಬಹಳ ಜನ. ಅದಕ್ಕೇ ಚಿಕ್ಕಪ್ಪ ಅವಸರ ಮಾಡೋದು ಬೇಡ, ಇನ್ನೊಬ್ಬ ಡಾಕ್ಟ್ರ ಅಭಿಪ್ರಾಯ ತಗೊಳ್ಳಿ, ಟ್ರಯಲ್ ಇಲ್ಲದೆ ನೇರವಾಗಿ ಹಾಕ್ತೀವಿ ಅಂದ್ರೆ ಅಲ್ಲಿಂದ ಎದ್ದು ಬನ್ನಿ.

ಮಷಿನ್ ರಿಪೇರಿ, ದಾವಣಗೆರೆ

ಆಸ್ಪತ್ರೆ ಉಪಕರಣ ರಿಪೇರಿ ಮಾಡೋ ಕೆಲಸ ನಂದು, ಖರೀದಿ ಬಗ್ಗೆ ನಾಲ್ಕು ಮಾತು. ಟೆನ್ಸ್ ಅಂತ ಮಾರೋದೆಲ್ಲ ಟೆನ್ಸ್ ಅಲ್ಲ. ಇಎಂಎಸ್ ಅಂತ ಇನ್ನೊಂದು ಬರುತ್ತೆ, ಅದು ಮಾಂಸಖಂಡ ಬಿಗಿಸಿ ಬಿಡಿಸೋಕೆ, ಆನ್‌ಲೈನಲ್ಲಿ ಪಾದ ಇಡೋ ಮ್ಯಾಟು, ಚಿಟ್ಟೆ ಆಕಾರದ ಮಸಾಜರು ಎಲ್ಲ ಸಿಗ್ತವೆ, ಅದರಲ್ಲಿ ಬಹಳಷ್ಟಕ್ಕೆ ಎಷ್ಟು ಹರ್ಟ್ಸು ಎಷ್ಟು ಮಿಲಿಆಂಪ್ ಅಂತ ಬರೆದೇ ಇರಲ್ಲ. ಫ್ರೀಕ್ವೆನ್ಸಿ, ತುಣುಕಿನ ಅಗಲ (ಒಂದೊಂದು ತುಣುಕು ಎಷ್ಟು ಹೊತ್ತು ಅನ್ನೋದು), ಪವರ್ ಮೂರನ್ನೂ ಬೇರೆ ಬೇರೆ ಹೊಂದಿಸೋಕೆ ಬರಬೇಕು, ಟೈಮರ್ ಇರಬೇಕು, ಡಬ್ಬದ ಮೇಲೆ ತಯಾರಕರ ಲೈಸೆನ್ಸ್ ನಂಬರ್ ಇರಬೇಕು. ಎರಡು ಚಾನೆಲ್ ಇದ್ರೆ ಸೊಂಟಕ್ಕೂ ತೊಡೆಗೂ ಒಟ್ಟಿಗೆ ಹಾಕಬಹುದು. ಗೋಡೆ ಪ್ಲಗ್ಗಿಗೆ ಸಿಕ್ಕಿಸಿಕೊಂಡೇ ಮೈಗೆ ಕೊಡೋ ಅಗ್ಗದ ಮಷಿನ್ ಮನೇಗೆ ತರಲೇಬೇಡಿ, ಬ್ಯಾಟರಿದೇ ಇರಲಿ, ಚಾರ್ಜಿಂಗ್ ಆಗ್ತಿರುವಾಗ ಹಾಕ್ಕೋಬೇಡಿ.

ಸುಡೋ ದೂರು ಬರೋದು ಬಹುಪಾಲು ಪ್ಯಾಡಿಂದ. ಜೆಲ್ ಒಣಗಿದ ಪ್ಯಾಡ್ ಅಂಚು ಎದ್ದಿರುತ್ತೆ, ಅಂಟಿರೋ ಚೂರು ಜಾಗದಲ್ಲೇ ಅಷ್ಟೂ ಕರೆಂಟು ನುಗ್ಗುತ್ತೆ, ಅಲ್ಲಿ ಚುರ್ ಅನ್ನುತ್ತೆ. ಬೆವರು, ಎಣ್ಣೆ, ಬಾಮು ಯಾವುದೂ ಇಲ್ಲದಂಗೆ ಸೋಪಲ್ಲಿ ತೊಳೆದು ಒರೆಸಿದ ಮೇಲೆ ಅಂಟಿಸಿ. ನಮ್ಮ ಕಡೆ ಸೊಂಟನೋವು ಅಂದ್ರೆ ಮೊದಲು ಬಾಮು ಹಚ್ಚಿರ್ತಾರೆ, ಅದರ ಮೇಲೇ ಪ್ಯಾಡ್ ಅಂಟಿಸಿ ಹಿಡಿಯಲ್ಲ ಅಂತಾರೆ. ತೆಗೆದ ಮೇಲೆ ಪ್ಲಾಸ್ಟಿಕ್ ಹಾಳೆಗೇ ವಾಪಸ್ ಅಂಟಿಸಿ ಕವರಲ್ಲಿ ಇಡಿ, ಬೇಸಿಗೇಲಿ ಬೇಗ ಒಣಗ್ತವೆ. ಪ್ಯಾಡ್ ಒಬ್ಬರದು ಇನ್ನೊಬ್ಬರಿಗೆ ಬೇಡ. ಮಷಿನ್ ಬೆಲೆಗಿಂತ ವರ್ಷವಿಡೀ ಪ್ಯಾಡ್ ಖರ್ಚು ಎಷ್ಟು ಅಂತ ಅಂಗಡೀಲಿ ಕೇಳಿ, ದಾವಣಗೆರೇಲೇ ಸಿಗೋ ಅಳತೆ ಪ್ಯಾಡ್ ಕೂರೋ ಮಷಿನ್ನೇ ತಗೊಳ್ಳಿ. ಆನ್ ಮಾಡುವಾಗ, ಆಫ್ ಮಾಡುವಾಗ, ಪ್ಯಾಡ್ ಕೀಳುವಾಗ ಪವರ್ ಸೊನ್ನೆಗೆ ಬಂದಿರಬೇಕು.

ಕರೆಂಟ್ ವೈದ್ಯ ಹೊಸ ಹುಚ್ಚು ಅಂತ ನಿಮ್ಮ ಅತ್ತೆ ಅಂದ್ರೆ ಇದನ್ನ ಹೇಳಿ, ರೋಮಿನ ಸ್ಕ್ರಿಬೋನಿಯಸ್ ಲಾರ್ಗಸ್ ಅನ್ನೋ ವೈದ್ಯ ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಕಾಲಿನ ಗೌಟ್ ನೋವಿಗೆ, ತಲೆನೋವಿಗೆ ಶಾಕ್ ಹೊಡೆಯೋ ಟಾರ್ಪಿಡೊ ಮೀನನ್ನ ಇಡೋಕೆ ಬರೆದಿಟ್ಟಿದ್ದ.

ಭಟ್ಟಿಮನೆ ಹುಡುಗ, ದಾವಣಗೆರೆ

ಇಷ್ಟೆಲ್ಲ ಬರೆದಿದ್ದಕ್ಕೆ ಎಲ್ರಿಗೂ ಕೈ ಮುಗೀತೀನಿ. ಸಿಸ್ಟರ್ ಹೇಳಿದ್ದು ಅಮ್ಮನ್ನ ಕೂರಿಸ್ಕೊಂಡು ಕೇಳಿದೆ, ಅಂಥದ್ದೇನೂ ಇಲ್ಲ ಅಂದ್ರು, ಮನೇಲಿದ್ದ ಮಾತ್ರೆನೆಲ್ಲ ತೆಗೆದಿಟ್ಟೆ. ಹಿರಿಯೂರಣ್ಣ ಬರೆದಿದ್ದನ್ನ ಚಿಕ್ಕಪ್ಪಂಗೆ ಫೋನಲ್ಲಿ ಓದಿ ಹೇಳಿದೆ, ಅವರು ಮೊದಲು ಟ್ರಯಲ್ ಬಗ್ಗೆ ಕೇಳ್ತೀನಿ ಅಂದ್ರು. ಫಿಸಿಯೋ ಅಕ್ಕ, ಎರಡು ಡೌಟು. ದಿನಕ್ಕೆ ಎಷ್ಟು ಹೊತ್ತು ಹಾಕೋದು? ಮತ್ತೆ ಮಷಿನ್ ಈಗಲೇ ತಂದುಬಿಡಲಾ?

ಫಿಸಿಯೋ ಅಕ್ಕ, ದಾವಣಗೆರೆ

ಈಗಲೇ ತರಬೇಡ. ಅಮ್ಮನ್ನ ಯಾವ ಫಿಸಿಯೋ ಹತ್ರ ತೋರಿಸ್ತಿದ್ದೀಯೋ ಅಲ್ಲೇ ಒಂದೆರಡು ಸಲ ಟೆನ್ಸನ್ನೇ ಹಾಕಿಸಿ ನೋಡು. ಹಾಕೋ ಮುಂಚೆ ಕುರ್ಚಿಯಿಂದ ಐದು ಸಲ ಎದ್ದು ಕೂತು ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಎಷ್ಟು ಕೊಡ್ತಾರೆ ಕೇಳು, ಹಾಕ್ಕೊಂಡೇ ಅದನ್ನೇ ಮತ್ತೆ ಮಾಡಿಸು. ಎರಡು ಅಂಕ ಕೂಡ ಇಳೀಲಿಲ್ಲ ಅಂದ್ರೆ ಆ ದುಡ್ಡಲ್ಲಿ ಅಮ್ಮಂಗೆ ಒಳ್ಳೆ ಚಪ್ಪಲಿ ಕೊಡಿಸು, ವ್ಯಾಯಾಮ ಮುಂದುವರಿಸು. ಇಳಿದ್ರೆ ತಗೊಂಡು ಮಷಿನ್ ಸಮೇತ ಬಾ ಅಂತ ಅವರೇ ಕರೀತಾರೆ, ಪ್ಯಾಡ್ ಎಲ್ಲಿ ಅಂಟಿಸೋದು ಅಂತ ಬೆನ್ನ ಮೇಲೆ ಪೆನ್ನಲ್ಲಿ ಗುರುತು ಹಾಕಿಸಿ ಫೋಟೋ ತೆಗೆದಿಟ್ಕೋ, ಅಮ್ಮಂಗೆ ಬೆನ್ನು ಕಾಣಲ್ಲ, ಮನೇಲಿ ಬೇರೆಯವರು ಅಂಟಿಸಬೇಕಾಗುತ್ತೆ.

ಹೊತ್ತು ಅಂದ್ರೆ ಒಂದು ಸಲಕ್ಕೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ, ದಿನಕ್ಕೆ ಎರಡು ಮೂರು ಸಲ ಸಾಕು. ನೋವು ಜಾಸ್ತಿ ಬರೋ ಹೊತ್ತಿಗೆ, ಅಂದ್ರೆ ಬೆಳಿಗ್ಗೆ ಅಡಿಗೆ ಮನೆ ಕೆಲಸಕ್ಕೆ ನಿಲ್ಲೋವಾಗ, ಸಂಜೆ ನಡೆಯೋಕೆ ಹೊರಡುವಾಗ ಹಾಕು, ಮಲಗೋ ಹೊತ್ತಿಗೆ ಬೇಡ. ಪಾದಕ್ಕೆ ಮಾತ್ರ ಸ್ಪರ್ಶ ಪರೀಕ್ಷೆ ಆಗೋ ತನಕ ಇಡಬೇಡ. ಆ ಪರೀಕ್ಷೆ ಶುಗರ್ ತೋರಿಸೋ ಕಡೆನೇ ಮಾಡ್ತಾರೆ, ಮುಂದಿನ ಸಲ ಹೋದಾಗ ಚಪ್ಪಲಿ ಬಿಚ್ಚಿಸಿ ಎರಡೂ ಪಾದ ನೋಡಿ ಅಂತ ನೀನೇ ಬಾಯಿಬಿಟ್ಟು ಕೇಳು.